ಚಿಂದಿ ಬಟ್ಟೆಯ ಕೋಟು

ಕೇಳುಗರಿಗೆ ನಮಸ್ಕಾರ.

ಒಗ್ಗರಣೆ ಹಾಕುತ್ತಾ ಕೇಳುತ್ತಿರುವವರು ಇದ್ದೀರಿ, ಲಾರಿ ಓಡಿಸುತ್ತಾ ಕೇಳುತ್ತಿರುವವರೂ ಇದ್ದೀರಿ. ಇವತ್ತು ನಾನು ಹೇಳಲಿರುವ ಸಂಗೀತ ನಿಮ್ಮಂಥ ದುಡಿಯುವ ಜನರದ್ದೇ. ಅಮೆರಿಕದ ಕಂಟ್ರಿ ಮ್ಯೂಸಿಕ್. ಅಲ್ಲಿನ ದಕ್ಷಿಣದ ರಾಜ್ಯಗಳ ರೈತರು, ಗಣಿ ಕೆಲಸದವರು, ಲಾರಿ ಡ್ರೈವರುಗಳ ಹಾಡು. ಅದು ಬೆಳೆದದ್ದೂ ರೇಡಿಯೋದಲ್ಲೇ. 1925ರ ನವೆಂಬರ್ 28, ಶನಿವಾರ ರಾತ್ರಿ, ನ್ಯಾಶ್‌ವಿಲ್ ಊರಿನ ರೇಡಿಯೋ ಸ್ಟೇಷನ್ನಿನಲ್ಲಿ 77 ವರ್ಷದ ಒಬ್ಬ ಅಜ್ಜ ಪಿಟೀಲು ಬಾರಿಸಿದರು. ಅಲ್ಲಿಂದ ಶುರುವಾದ ಕಾರ್ಯಕ್ರಮವೇ ಗ್ರ್ಯಾಂಡ್ ಓಲ್ ಆಪ್ರಿ. ನೂರು ವರ್ಷ ಆಯಿತು, ಇನ್ನೂ ನಡೆಯುತ್ತಲೇ ಇದೆ.

"ಅಯ್ಯೋ, ಆ ಹಾಡುಗಳೆಲ್ಲ ಒಂದೇ ಥರ ಕೇಳುತ್ತವೆ" ಅನ್ನುವವರು ನನಗೆ ತುಂಬಾ ಜನ ಸಿಗುತ್ತಾರೆ. ದಯವಿಟ್ಟು ಹಾಗನ್ನಬೇಡಿ. ಮಟ್ಟು ಸರಳವಾಗಿರುವುದು ಬೇಕೆಂತಲೇ. ಗಿಟಾರ್ ಕಲಿಯುವ ಹುಡುಗ ಮೊದಲ ತಿಂಗಳಲ್ಲಿ ಕಲಿಯುವ ಮೂರು ಸ್ವರಗುಚ್ಛಗಳಲ್ಲಿ, ಅಂದರೆ ಕಾರ್ಡುಗಳಲ್ಲಿ, ಎಷ್ಟೋ ಹಾಡು ಮುಗಿಯುತ್ತವೆ. ಮಟ್ಟು ಪಕ್ಕಕ್ಕೆ ಸರಿದು ನಿಂತರೆ ಮಾತು ಕೇಳಿಸುತ್ತದೆ. ಮಾತಿನಲ್ಲಿ ಒಂದು ಕತೆ ಇರುತ್ತದೆ. ಕತೆಯೊಳಗೆ ಒಂದು ವಸ್ತು ಇರುತ್ತದೆ. ಆ ವಸ್ತುವನ್ನು ಹಿಡಿದುಕೊಳ್ಳಿ. ನಾನು ಇವತ್ತು ಹೇಳುವುದು ಇಷ್ಟೇ.

ಡಾಲಿ ಪಾರ್ಟನ್ ಅಂತ ಒಬ್ಬ ಹಾಡುಗಾರ್ತಿ. 1946ರಲ್ಲಿ ಟೆನ್ನೆಸ್ಸಿಯ ಬೆಟ್ಟದ ಸೀಮೆಯಲ್ಲಿ ಹುಟ್ಟಿದವರು. ಆ ಮನೆಗೆ 12 ಮಕ್ಕಳು, ಇವರು 4ನೆಯವರು. ಹೆರಿಗೆ ಮಾಡಿಸಿದ ಡಾಕ್ಟರಿಗೆ ಕೊಡಲು ಅಪ್ಪನ ಹತ್ತಿರ ದುಡ್ಡಿರಲಿಲ್ಲ. ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಕೊಟ್ಟರು.

ಡಾಲಿ ಚಿಕ್ಕವರಿದ್ದಾಗಿನ ಮಾತು. ಚಳಿ ಶುರುವಾಗುತ್ತಿತ್ತು, ಮಗುವಿಗೆ ಕೋಟಿಲ್ಲ. ಯಾರೋ ಒಂದು ಡಬ್ಬ ಚಿಂದಿ ಬಟ್ಟೆ ಕೊಟ್ಟಿದ್ದರು. ಅಮ್ಮ ಆ ತುಂಡುಗಳನ್ನೇ ಕೂಡಿಸಿ ಕೋಟು ಹೊಲಿದರು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಕೌದಿ ಹೊಲಿಯುತ್ತಾರಲ್ವಾ, ಅದನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಹೊಲಿಯುತ್ತಾ ಹೊಲಿಯುತ್ತಾ ಬೈಬಲ್ಲಿನ ಯೋಸೇಫನ ಕತೆ ಹೇಳಿದರು. ಅವನಿಗೂ ಬಣ್ಣ ಬಣ್ಣದ ನಿಲುವಂಗಿ ಇತ್ತು, ಅಪ್ಪ ಅಕ್ಕರೆಯಿಂದ ಕೊಟ್ಟದ್ದು. ಹುಡುಗಿಗೆ ಹಿಗ್ಗೋ ಹಿಗ್ಗು. ಪ್ಯಾಂಟಿಗೆ ತೇಪೆ, ಎರಡೂ ಶೂಗಳಿಗೆ ತೂತು, ಮೈಮೇಲೆ ಮಾತ್ರ ಆ ಕೋಟು! ಶಾಲೆಗೆ ಓಡಿದಳು. ಮಕ್ಕಳೆಲ್ಲ ನಕ್ಕರು. ಯಾಕೆ ನಗುತ್ತಿದ್ದಾರೆ ಅಂತ ಅವಳಿಗೆ ಅರ್ಥವೇ ಆಗಲಿಲ್ಲ.

ಈಗ 1969ಕ್ಕೆ ಬನ್ನಿ. ಪೋರ್ಟರ್ ವ್ಯಾಗನರ್ ಎಂಬ ದೊಡ್ಡ ಹಾಡುಗಾರರ ಜೊತೆ ಡಾಲಿ ಊರೂರು ತಿರುಗುತ್ತಿದ್ದ ಕಾಲ. ಮಿಣಮಿಣ ಹೊಳೆಯುವ ಕಲ್ಲು ಕೂರಿಸಿದ ಸೂಟು ಅಂದರೆ ವ್ಯಾಗನರ್. ಬಸ್ಸಿನಲ್ಲಿ ಹೋಗುತ್ತಾ ಆ ಕೋಟಿನ ಹಾಡು ಡಾಲಿಗೆ ಸರಸರ ಬಂದುಬಿಟ್ಟಿತು. ಬರೆದುಕೊಳ್ಳೋಣ ಅಂದರೆ ಕಾಗದವಿಲ್ಲ. ಕಣ್ಣಿಗೆ ಬಿದ್ದದ್ದು ವ್ಯಾಗನರ್ ಅವರ ಸೂಟನ್ನು ಡ್ರೈಕ್ಲೀನ್ ಮಾಡಿಸಿದ ರಸೀದಿ. ಅದರ ಮೇಲೇ ಬರೆದರು. ಯೋಚಿಸಿ ನೋಡಿ, ಚಿಂದಿ ಕೋಟಿನ ಕತೆ, ಬರೆದದ್ದು ಮಿಂಚುವ ಸೂಟಿನ ರಸೀದಿ ಮೇಲೆ! 1971ರಲ್ಲಿ 'ಕೋಟ್ ಆಫ್ ಮೆನಿ ಕಲರ್ಸ್' ಅಂತ ಹಾಡು ಹೊರಬಂತು. ಜನ ಮೆಚ್ಚಿದ ಮೇಲೆ ವ್ಯಾಗನರ್ ಆ ರಸೀದಿಗೆ ಫ್ರೇಮು ಹಾಕಿಸಿದರು.

ಆ ಹಾಡಿನಲ್ಲಿ ಬಡತನದ ಗೋಳಿಲ್ಲ. ಕೋಟು ಇದೆ. ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಮಕ್ಕಳು ನಗುವ ಜಾಗ ಬಂದಾಗ ಇವತ್ತಿಗೂ ಗಂಟಲು ಕಟ್ಟುತ್ತದೆ.

ಇನ್ನೊಬ್ಬ ಹಾಡುಗಾರ್ತಿ ಲೊರೆಟಾ ಲಿನ್, ಕೆಂಟಕಿ ರಾಜ್ಯದ ಕಲ್ಲಿದ್ದಲು ಗಣಿ ಕೆಲಸಗಾರರ ಮಗಳು. 1970ರ 'ಕೋಲ್ ಮೈನರ್ಸ್ ಡಾಟರ್' ಅವರ ಸ್ವಂತ ಬಾಲ್ಯದ ಹಾಡು. ಬೇಸಿಗೆಯಲ್ಲಿ ಮಕ್ಕಳಿಗೆಲ್ಲ ಬರಿಗಾಲು. ಚಳಿಗಾಲಕ್ಕೆ ಹಂದಿ ಮಾರಿದ ದುಡ್ಡಿನಲ್ಲಿ ಒಂದೊಂದು ಜೊತೆ ಹೊಸ ಶೂ. ಬಟ್ಟೆ ಉಜ್ಜಿ ಉಜ್ಜಿ ಅಮ್ಮನ ಬೆರಳಲ್ಲಿ ರಕ್ತ. ಇಲ್ಲೂ ಅಷ್ಟೇ, ಶೂ ಹಿಡಿದುಕೊಳ್ಳಿ, ಇಡೀ ಮನೆ ಕಾಣುತ್ತದೆ.

ಸಮಯ ಓಡುತ್ತಿದೆ, ಹಾಡುಗಾರ ಜಾರ್ಜ್ ಜೋನ್ಸ್ ಅವರನ್ನು ಬಿಡುವ ಹಾಗಿಲ್ಲ. 1980ರ ಅವರ ಹಾಡಿನಲ್ಲಿ ಒಬ್ಬ ಗಂಡಸು, ಬಿಟ್ಟುಹೋದ ಹೆಣ್ಣಿನ ಹಳೇ ಕಾಗದಗಳನ್ನು ಇಟ್ಟುಕೊಂಡಿದ್ದಾನೆ. ಪ್ರೀತಿಯ ಮಾತು ಬಂದಲ್ಲೆಲ್ಲ ಕೆಂಪು ಗೆರೆ ಎಳೆದಿದ್ದಾನೆ. ಇವತ್ತು ಅವಳನ್ನು ಪ್ರೀತಿಸುವುದು ನಿಲ್ಲಿಸಿದ ಅಂತ ಪಲ್ಲವಿ. ಯಾಕೆ ನಿಲ್ಲಿಸಿದ? ಸತ್ತುಹೋಗಿದ್ದಾನೆ. ಆ ಕೆಂಪು ಗೆರೆ ಇಲ್ಲದಿದ್ದರೆ ಅವನ ಸಾವು ನಮ್ಮನ್ನು ಇಷ್ಟು ಮುಟ್ಟುತ್ತಿತ್ತಾ?

ಈ ಹಾಡುಗಳನ್ನು ಸುಮ್ನೆ ಕೆಲಸದ ಮಧ್ಯೆ ಹಾಕಿಬಿಡಬೇಡಿ. ಒಂದೇ ಹಾಡು ಸಾಕು. ಮೂರು ನಿಮಿಷ ಕೂತು ಕೇಳಿ. ಇಂಗ್ಲಿಷ್ ಜಾಸ್ತಿ ಬರಲ್ಲ ಅನ್ನುವ ಅಂಜಿಕೆ ಬೇಡ, ಹಳ್ಳಿಯ ಮಾತು, ಎರಡನೇ ಸಲಕ್ಕೆ ತಿಳಿಯುತ್ತದೆ.

ಡಾಲಿಯವರ ಸೀಮೆಯ ಸೆವಿಯರ್‌ವಿಲ್ ಊರಿನಲ್ಲಿ ಕೋರ್ಟಿನ ಮುಂದೆ ಅವರದೊಂದು ಕಂಚಿನ ಪ್ರತಿಮೆ ಇದೆ. ಕೈಯಲ್ಲಿ ಗಿಟಾರ್, ಕಾಲಿಗೆ ಏನೂ ಇಲ್ಲ, ಬರಿಗಾಲು. ಅವರ ಅಪ್ಪನಿಗೆ ಓದು ಬರಹ ಬರುತ್ತಿರಲಿಲ್ಲ. ಪಾರಿವಾಳಗಳು ಪ್ರತಿಮೆಯನ್ನು ಗಲೀಜು ಮಾಡುತ್ತಿದ್ದವು. ಅಪ್ಪ ರಾತ್ರಿ ಹೊತ್ತು, ಯಾರೂ ಇಲ್ಲದಾಗ, ಟ್ರಕ್ಕಿನಲ್ಲಿ ಒಂದು ಬಕೆಟ್ ಸೋಪಿನ ನೀರು ತಗೊಂಡು ಹೋಗಿ ಮಗಳ ಪ್ರತಿಮೆಯನ್ನು ತಿಕ್ಕಿ ತೊಳೆದು ಬರುತ್ತಿದ್ದರಂತೆ. ಡಾಲಿಯವರೇ ಹೇಳಿದ್ದಾರೆ.

ನಮಸ್ಕಾರ.