ಡೆಂಗಿ ಒಂದು ಸಲ ಬಂದು ಹೋದವರಿಗೆ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಶುರುವಾದರೆ ಸಾಕು, ನಮ್ಮ ಕ್ಲಿನಿಕ್ಕಿನಲ್ಲಿ ದಿನಾ ಒಂದು ಮಾತು. ‘ನಂಗೆ ಡೆಂಗಿ ಆಗಲೇ ಬಂದು ಹೋಗಿದೆ ಡಾಕ್ಟ್ರೇ, ಇನ್ನು ಬರಲ್ಲ.’ ಬರುತ್ತದೆ. ಮತ್ತೆ ಬರುತ್ತದೆ. ಇವತ್ತು ನಾನು ಹೇಳಬೇಕಾದ್ದು ಇದೊಂದೇ.

ದಡಾರ ಒಮ್ಮೆ ಬಂದರೆ ಮುಗಿಯಿತು. ಡೆಂಗಿ ಹಾಗಲ್ಲ. ಆ ವೈರಸ್ಸಿನಲ್ಲಿ 4 ಬಗೆ. ಒಂದು ಬಂದು ಹೋದರೆ ಅದೊಂದರಿಂದ ಬಚಾವು, ಉಳಿದ ಮೂರು ಕಾಯುತ್ತಾ ಇರುತ್ತವೆ.

ನಮ್ಮ ಬೀದಿಯಲ್ಲಿ ಹೂವಿನ ಅಂಗಡಿಯಮ್ಮ ಒಬ್ಬರಿದ್ದಾರೆ. ಮೂರು ವರ್ಷದ ಹಿಂದೆ ಡೆಂಗಿ ಬಂದಿತ್ತು. ಆ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು, ಲಸಿಕೆ ಕಾರ್ಡಿನ ಹಾಗೆ! ಮತ್ತೆ ಜ್ವರ ಬಂತು. ಮಾತ್ರೆ ನುಂಗಿ ಅಂಗಡಿಯಲ್ಲೇ ಕೂತರು. ನಾಲ್ಕನೇ ದಿನ ಜ್ವರ ಬಿಟ್ಟಿತು, ಖುಷಿಯಾದರು. ಮಾರನೇ ದಿನ ಹೊಟ್ಟೆನೋವು, ಎರಡು ಸಲ ವಾಂತಿ. ‘ನಿನ್ನೆ ತಿಂದ ಬೋಂಡಾ’ ಅಂದರಂತೆ. ಮಲ್ಲಿಗೆ ಕಟ್ಟುವಾಗ ದಾರ ಬೆರಳಿನಿಂದ ಜಾರಿ ಜಾರಿ ಬೀಳುತ್ತಿತ್ತು. ಮಗಳು ಕೈ ಮುಟ್ಟಿ ನೋಡಿದರೆ ತಣ್ಣಗೆ. ಆಟೋದಲ್ಲಿ ಕರೆತಂದರು. ಬಿಪಿ ಪಾತಾಳಕ್ಕೆ ಇಳಿದಿತ್ತು. ಎರಡು ದಿನ ಡ್ರಿಪ್ ಹಾಕಿಸಿಕೊಂಡು ಉಳಿದುಕೊಂಡರು. ಹೊಸ ರಿಪೋರ್ಟ್ ತೋರಿಸಿದರೆ ಏನಂದರು ಗೊತ್ತಾ? ‘ಹಳೇದೇ ಸ್ವಲ್ಪ ಉಳಿದಿತ್ತೇನೋ!’

ಹಳೇದಲ್ಲ ತಾಯಿ, ಹೊಸದು. ಎರಡನೇ ಸಲದ್ದೇ ಜಾಸ್ತಿ ಅಪಾಯ. ಮೊದಲ ಸಲ ಹುಟ್ಟಿದ ಪ್ರತಿಕಾಯಗಳು, ಅಂದರೆ ರೋಗದ ವಿರುದ್ಧ ದೇಹವೇ ತಯಾರಿಸುವ ಕಾವಲುಗಾರರು, ಬೇರೆ ಬಗೆಯ ವೈರಸ್ಸನ್ನು ಹಿಡಿಯುತ್ತವೆ, ಕೊಲ್ಲುವುದಿಲ್ಲ. ಕಾವಲುಗಾರನೇ ಕಳ್ಳನನ್ನು ಕೈಹಿಡಿದು ಮನೆಯೊಳಗೆ ಬಿಟ್ಟ ಹಾಗೆ. ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆ ಹರಡಿತು, ಅಷ್ಟೇನೂ ತೊಂದರೆ ಆಗಲಿಲ್ಲ. 1981ರಲ್ಲಿ ಎರಡನೇ ಬಗೆ ಬಂತು. 158 ಜನ ಸತ್ತರು, ಅವರಲ್ಲಿ 101 ಮಕ್ಕಳು. ವಿಪರೀತಕ್ಕೆ ಹೋದವರಲ್ಲಿ ಹೆಚ್ಚಿನವರಿಗೆ ಮೊದಲೇ ಒಮ್ಮೆ ಬಂದು ಹೋಗಿತ್ತು.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಜ್ವರ ಬಿಟ್ಟ ಮೇಲೆ ಹೊಟ್ಟೆನೋವು, ವಾಂತಿ, ವಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಿ. ಪಪ್ಪಾಯಿ ಎಲೆ ಅರೆಯುತ್ತಾ ಕೂರಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ.

ಮತ್ತೆ ಆ ಅಂಗಡಿಯಮ್ಮ ಹೂವಿಡುವ ನೀರಿನ ಬಕೆಟ್. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಅಂಥದ್ದರಲ್ಲೇ. ಈಗ ಅವರು ದಿನಾ ನೀರು ಚೆಲ್ಲುತ್ತಾರೆ, ಸಂತೋಷ. ಆದರೆ ಸುಮ್ನೆ ಚೆಲ್ಲಿದರೆ ಸಾಲದು, ಒಳಗಿನ ಅಂಚನ್ನು ಬ್ರಷ್ ಹಾಕಿ ಉಜ್ಜಬೇಕು. ಸೊಳ್ಳೆ ಮೊಟ್ಟೆ ಅಲ್ಲೇ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದು ಕೂತಿರುತ್ತದೆ. ನಾಳೆ ಅಂಗಡಿ ಮುಂದೆ ಹೋಗುವಾಗ ಇದನ್ನೂ ಹೇಳಬೇಕು ಅವರಿಗೆ. ನಮಸ್ಕಾರ.