ಆಡಬೇಡಿ ಅಂತ ಕೊಟ್ಟ ಸಂಬಳ

ಕೇಳುಗರಿಗೆ ನಮಸ್ಕಾರ. ಆಡುವುದಕ್ಕೆ ಸಂಬಳ ಕೊಡುತ್ತಾರೆ, ಅದು ಎಲ್ಲರಿಗೂ ಗೊತ್ತು. ಸುಮ್ನೆ ಮನೆಯಲ್ಲಿರಿ, ಆಡಬೇಡಿ ಅಂತ ಸಂಬಳ ಕೊಟ್ಟಿದ್ದನ್ನು ಕೇಳಿದ್ದೀರಾ? 2015ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿ ಡಯಾನಾ ಟೌರಾಸಿ ಅವರಿಗೆ ಹಾಗೆ ಆಯಿತು.

ಟೌರಾಸಿ ಹುಟ್ಟಿದ್ದು 1982ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ತಾಯಿ ಅರ್ಜೆಂಟೀನಾದವರು. ತಂದೆ ಇಟಲಿಯಲ್ಲಿ ಹುಟ್ಟಿ ಅರ್ಜೆಂಟೀನಾದಲ್ಲಿ ಬೆಳೆದವರು. ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡದಲ್ಲಿದ್ದಾಗ ಸತತ ಮೂರು ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 2004ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯೂಎನ್‌ಬಿಎಗೆ ಆಟಗಾರ್ತಿಯರನ್ನು ಆರಿಸಿಕೊಂಡಾಗ ಮೊದಲ ಹೆಸರೇ ಇವರದು. ಅಲ್ಲಿಂದ ಕೊನೆಯವರೆಗೂ ಫೀನಿಕ್ಸ್ ಮರ್ಕ್ಯುರಿ ಒಂದೇ ತಂಡ.

ಆದರೆ ಅದು ಬೇಸಿಗೆಯ ಲೀಗ್. ಚಳಿಗಾಲ ಬಂತೆಂದರೆ ಪೆಟ್ಟಿಗೆ ಕಟ್ಟಿಕೊಂಡು ಮಾಸ್ಕೋಗೆ. ಅಲ್ಲಿ ಸ್ಪಾರ್ಟಕ್ ಕ್ಲಬ್ಬಿನ ಮಾಲೀಕ ಶಬ್ತಾಯ್ ಕಲ್ಮನೋವಿಚ್ ಆಟಗಾರ್ತಿಯರನ್ನು ರಾಣಿಯರ ಹಾಗೆ ನೋಡಿಕೊಂಡರು. ಇರಲು ದೊಡ್ಡ ಬಂಗಲೆ, ಕೈತುಂಬ ದುಡ್ಡು. 2007ರಿಂದ 2010ರವರೆಗೆ ನಾಲ್ಕು ಸಲ ಸ್ಪಾರ್ಟಕ್, ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಯೂರೋಲೀಗ್ ಗೆದ್ದಿತು. ಅದರ ಮಧ್ಯೆಯೇ, 2009ರ ನವೆಂಬರಿನಲ್ಲಿ, ಕಲ್ಮನೋವಿಚ್ ಅವರನ್ನು ಮಾಸ್ಕೋದ ರಸ್ತೆಯಲ್ಲಿ, ಕಾರಿನೊಳಗೇ ಗುಂಡಿಟ್ಟು ಕೊಂದರು. ಹೊರದೇಶದ ಆಟ ಅಂದರೆ ಬರೀ ದುಡ್ಡಿನ ಮಾತಲ್ಲ, ಅಲ್ವಾ?

ಮುಂದಿನ ವರ್ಷ ಟರ್ಕಿಯ ಫೆನರ್‌ಬಾಚೆ ಕ್ಲಬ್ ಸೇರಿದರು. ಅಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು ಅಂತ ಸುದ್ದಿಯಾಯಿತು, ಕ್ಲಬ್ ಕೈಬಿಟ್ಟಿತು. 2011ರ ಫೆಬ್ರವರಿಯಲ್ಲಿ ಪರೀಕ್ಷೆ ಮಾಡಿದ್ದ ಅಂಕಾರಾದ ಪ್ರಯೋಗಾಲಯವೇ ತನ್ನ ವರದಿಯನ್ನು ಹಿಂದಕ್ಕೆ ಪಡೆಯಿತು. ತಪ್ಪಿಲ್ಲ ಅಂತ ಸಾಬೀತಾಯಿತು, ಸರಿ. ಅಷ್ಟರಲ್ಲಿ ಸೀಸನ್ ಕೈತಪ್ಪಿತ್ತು.

ಈಗ 2015ಕ್ಕೆ ಬರೋಣ. ಹಿಂದಿನ ವರ್ಷವಷ್ಟೇ ಫೀನಿಕ್ಸ್ ಚಾಂಪಿಯನ್ ಆಗಿತ್ತು. ಅಮೆರಿಕದಲ್ಲಿ ಟೌರಾಸಿಗೆ ವರ್ಷಕ್ಕೆ ಸಿಗುತ್ತಿದ್ದದ್ದು ಸುಮಾರು 1 ಲಕ್ಷ 7 ಸಾವಿರ ಡಾಲರ್. ಚಳಿಗಾಲದಲ್ಲಿ ಅವರು ಆಗ ಆಡುತ್ತಿದ್ದ ರಷ್ಯಾದ ಎಕಟೆರಿನ್‌ಬರ್ಗ್ ಕ್ಲಬ್ ಕೊಡುತ್ತಿದ್ದದ್ದು, ಪತ್ರಿಕೆಗಳು ಬರೆದ ಪ್ರಕಾರ, ಸುಮಾರು 15 ಲಕ್ಷ ಡಾಲರ್. ಬೇಸಿಗೆ, ಚಳಿಗಾಲ ಎರಡೂ ಆಡಿ ಆಡಿ ಮೈ ದಣಿದಿತ್ತು. ಆ ಬೇಸಿಗೆ ಅಮೆರಿಕದಲ್ಲಿ ಆಡದೆ ವಿಶ್ರಾಂತಿ ತಗೊಳ್ಳಿ, ಅಲ್ಲಿಯ ಸಂಬಳವನ್ನೂ ನಾವೇ ತುಂಬಿಕೊಡುತ್ತೇವೆ ಅಂದಿತು ಕ್ಲಬ್. ಟೌರಾಸಿ ಒಪ್ಪಿದರು. ದೇಶಾಭಿಮಾನ ಇಲ್ಲವೇ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. 2004ರಿಂದ 2024ರವರೆಗೆ ಆರು ಒಲಿಂಪಿಕ್ಸ್, ಆರಕ್ಕೆ ಆರೂ ಚಿನ್ನ, ಎಲ್ಲವೂ ಅಮೆರಿಕಕ್ಕೇ. ಅವಮಾನ ಆಗಬೇಕಾದದ್ದು ಲೀಗಿಗೆ.

ಮರುವರ್ಷ ಅವರು ಫೀನಿಕ್ಸ್‌ಗೆ ವಾಪಸ್ ಬಂದರು. 2023ರ ಆಗಸ್ಟಿನ ಒಂದು ರಾತ್ರಿ ಅಟ್ಲಾಂಟಾ ವಿರುದ್ಧದ ಪಂದ್ಯ. ಲೀಗಿನಲ್ಲಿ ಒಟ್ಟು 10,000 ಅಂಕ ಮುಟ್ಟಲು ಇನ್ನು 18 ಬೇಕಿತ್ತು. ದೂರದಿಂದ ಎಸೆದ ಮೂರು ಅಂಕದ ಬಾಲ್ ಬುಟ್ಟಿಗೆ ಬಿತ್ತು, ಗಡಿ ದಾಟಿತು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಪಂದ್ಯದಲ್ಲಿ ಹೊಡೆದದ್ದು 42 ಅಂಕ. ವಯಸ್ಸು 41. ಆ ಲೀಗಿನಲ್ಲಿ 10,000 ಮುಟ್ಟಿದ ಮೊದಲ ಆಟಗಾರ್ತಿ ಅವರೇ.

ಅದಕ್ಕೂ ಮುಂಚೆ, 2022ರಲ್ಲಿ, ಅದೇ ಎಕಟೆರಿನ್‌ಬರ್ಗ್ ಕ್ಲಬ್ಬಿಗೆ ಆಡಲು ಹೊರಟಿದ್ದ ಬ್ರಿಟ್ನಿ ಗ್ರೈನರ್ ಅವರನ್ನು ಮಾಸ್ಕೋ ಹತ್ತಿರದ ವಿಮಾನ ನಿಲ್ದಾಣದಲ್ಲಿ ಬಂಧಿಸಿದರು. ಆಗ ಅವರೂ ಫೀನಿಕ್ಸ್ ಆಟಗಾರ್ತಿಯೇ. ಹತ್ತು ತಿಂಗಳ ಬಳಿಕ ಕೈದಿಗಳ ವಿನಿಮಯದಲ್ಲಿ ಬಿಡುಗಡೆ ಸಿಕ್ಕಿತು. ಅಮೆರಿಕದ ಹೆಚ್ಚಿನ ಆಟಗಾರ್ತಿಯರಿಗೆ ರಷ್ಯಾದ ದಾರಿ ಅಲ್ಲಿಗೆ ಮುಚ್ಚಿಹೋಯಿತು.

ಕೊನೆಗೆ 2025ರ ಜನವರಿಯಲ್ಲಿ ಆಟಗಾರ್ತಿಯರೇ ಸೇರಿ ಮಯಾಮಿಯಲ್ಲಿ ಅನ್‌ರೈವಲ್ಡ್ ಅಂತ ಚಳಿಗಾಲದ ಲೀಗ್ ಶುರು ಮಾಡಿದರು. ಮೊದಲ ಸೀಸನ್ನಿನಲ್ಲಿ ಸರಾಸರಿ ಸಂಬಳ 2 ಲಕ್ಷ ಡಾಲರ್‌ಗೂ ಜಾಸ್ತಿ. ದೇಶ ಬಿಟ್ಟು ಹೋಗಬೇಕಿಲ್ಲ. ಮರುತಿಂಗಳೇ ಟೌರಾಸಿ ನಿವೃತ್ತಿ ಘೋಷಿಸಿದರು.