ಮೂವತ್ತು ಕಿಲೋ ಹಗುರ

ಕೇಳುಗರಿಗೆ ನಮಸ್ಕಾರ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇವತ್ತು ನಾನು ಮಾತಾಡುವ ಕಾರನ್ನು ನಾನು ಓಡಿಸಿಲ್ಲ. ಮುಟ್ಟಿಲ್ಲ. ಕಣ್ಣಾರೆ ಕಂಡೂ ಇಲ್ಲ. ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿನಲ್ಲಿ ಸಂಜೆ ಸೇರುವ ಏಳೆಂಟು ಜನರಲ್ಲಿ ಯಾರೂ ಕಂಡಿಲ್ಲ. ಆದರೂ ಅದರ ವಿಷಯಕ್ಕೆ ಹದಿನೈದು ದಿನ ಜಗಳ ಆಡಿದೆವು. ಇಬ್ಬರಂತೂ ಎರಡು ದಿನ ಮಾತು ಬಿಟ್ಟಿದ್ದರು.

ನಮ್ಮ ಗ್ಯಾರೇಜು ಎಂದೆ. ನನ್ನದೇನಲ್ಲ. ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಬಹಳ ವರ್ಷ ರೈಟರ್ ಆಗಿದ್ದವನು. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಆಳುಗಳ ಹಾಜರಿ, ಕೊಯ್ಲಿನ ಲೆಕ್ಕ, ಮೂಟೆಯ ತೂಕ ಬರೆಯುವವನು. ಕಣದಲ್ಲಿ ಒಣಗಿದ ಕಾಫಿಯನ್ನು ಚೀಲಕ್ಕೆ ತುಂಬಿ, ತಕ್ಕಡಿಗೆ ಹಾಕಿ, 50 ಕಿಲೋ ಸರಿಯಾಗಿದೆಯಾ ನೋಡಿ, ಬಾಯಿ ಹೊಲಿಸಿ, ಲಾರಿಗೆ ಹತ್ತಿಸುವುದು ನನ್ನ ಕೆಲಸ. ಈಗ ಕೆಲಸ ಬಿಟ್ಟಿದ್ದೇನೆ. ಸಂಜೆ ಹೊತ್ತು ಹೋಗಬೇಕಲ್ಲ, ಗ್ಯಾರೇಜಿಗೆ ಹೋಗಿ ಕೂರುತ್ತೇನೆ. ಅಲ್ಲಿ ಚಕ್ರವಿಲ್ಲದ ಹಳೆಯ ಕುರ್ಚಿಗಿಂತ, ರಿಪೇರಿಗೆ ಬಂದು ವಾರಸುದಾರರೇ ಮರೆತ ಒಂದು ಜೀಪು ಆರಾಮ. ಅದರ ಮುಂದಿನ ಸೀಟು ನನ್ನದು.

ಕಾರಿನ ಹೆಸರು ಬಿಎಂಡಬ್ಲ್ಯು ಎಂ2 ಸಿಎಸ್. ಎಂ2 ಎಂಬ ಮಾಮೂಲಿ ಕಾರಿನ ವಿಶೇಷ ಆವೃತ್ತಿ ಇದು. ಜರ್ಮನಿಯ ಮ್ಯೂನಿಕ್‌ನವರು 2025ರ ಮೇ ತಿಂಗಳಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ಎರಡೇ ಬಾಗಿಲು. ಒಂದೇ ಸಾಲಿನಲ್ಲಿ ನಿಂತ ಆರು ಸಿಲಿಂಡರಿನ 3 ಲೀಟರ್ ಎಂಜಿನ್, ಅದಕ್ಕೆ ಎರಡು ಟರ್ಬೊ. ಶಕ್ತಿ 530 ಹಾರ್ಸ್‌ಪವರ್. ಎಲ್ಲ ಶಕ್ತಿಯೂ ಹಿಂದಿನ ಎರಡು ಚಕ್ರಕ್ಕೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು 3.8 ಸೆಕೆಂಡ್.

3.8 ಸೆಕೆಂಡ್ ಎಂದರೆ ಎಷ್ಟು? ಕಣ್ಣು ಮುಚ್ಚಿಕೊಂಡು ನನ್ನ ಜೊತೆ ಎಣಿಸಿ. ಒಂದು. ಎರಡು. ಮೂರು. ನಾಲ್... ಅಷ್ಟೇ. ಮುಗಿಯಿತು.

530 ಹಾರ್ಸ್‌ಪವರ್ ಎಂದರೆ? ನಮ್ಮ ಹಳೆಯ ಮಾರುತಿ 800 ಗೊತ್ತಲ್ಲ, 1983ರಲ್ಲಿ ಬಂದದ್ದು. ಅದರ ಶಕ್ತಿ 37. ಹದಿನಾಲ್ಕು ಮಾರುತಿಗಳನ್ನು ಒಂದರ ಹಿಂದೆ ಒಂದು ಕಟ್ಟಿದರೆ ಈ ಒಂದು ಕಾರಿಗೆ ಸರಿಸಮ. ಈ ಲೆಕ್ಕ ಹಾಕಿದ್ದು ಗ್ಯಾರೇಜಿಗೆ ಬರುವ ಪಾಲಿಟೆಕ್ನಿಕ್ ಹುಡುಗ. ಎಲ್ಲದಕ್ಕೂ ಫೋನ್ ತೆಗೆದು ಲೆಕ್ಕ ಹಾಕುವ ಚಾಳಿ ಅವನಿಗೆ.

ಜಗಳ ಶುರುವಾದದ್ದು ಮೂಗಿನಿಂದ. ಕಾರಿನ ಮುಂದೆ ಗಾಳಿ ಹೋಗಲು ಜೋಡಿ ಕಿಂಡಿ ಇರುತ್ತದಲ್ಲ, ಅದನ್ನು ಈ ಕಂಪನಿಯ ಅಭಿಮಾನಿಗಳು ಕಿಡ್ನಿ ಎನ್ನುತ್ತಾರೆ. 1933ರ 303 ಎಂಬ ಮಾಡೆಲ್ಲಿನಿಂದ ಬಂದ ಗುರುತು ಅದು. ಎಂ2ದಲ್ಲಿ ಆ ಕಿಂಡಿ ಚೌಕಾಕಾರ. ‘ಕಿಡ್ನಿ ಅಂತ ಹೆಸರು, ನೋಡಿದರೆ ಬಚ್ಚಲುಮನೆ ಕಿಟಕಿ’ ಎಂದ ಒಬ್ಬ. ಇನ್ನೊಬ್ಬನಿಗೆ ಸಿಟ್ಟು ಬಂತು. ನನಗೆ ಕೇಳಿದರೆ ಮುಖ ಅಭ್ಯಾಸವಾಗುತ್ತದೆ. ಮದುವೆಯಾದವರಿಗೆ ಗೊತ್ತು.

ಆಮೇಲೆ ಊರಿನ ಪ್ರಶ್ನೆ. ಜರ್ಮನ್ ಕಾರು ಅಂತೀರಿ, ತಯಾರಾಗುವುದು ಮೆಕ್ಸಿಕೋದ ಸಾನ್ ಲೂಯಿಸ್ ಪೊಟೊಸಿಯಲ್ಲಿ, ಇದೆಂಥ ಜರ್ಮನ್? ಗ್ಯಾರೇಜ್ ಯಜಮಾನರು ಸ್ಪ್ಯಾನರ್ ಒರೆಸುತ್ತಾ ಕೇಳಿದರು: ‘ನಮ್ಮ ತೋಟದ ಕಾಫಿ ಇಟಲಿಗೆ ಹೋಗಿ ಹುರಿಸಿಕೊಳ್ಳುತ್ತದೆ. ಅದು ಯಾವ ಊರಿನ ಕಾಫಿ?’ ಆ ವಿಷಯ ಅಲ್ಲಿಗೇ ಮುಗಿಯಿತು.

ಮಾತು ಬಿಡುವ ಮಟ್ಟಕ್ಕೆ ಹೋದದ್ದು ಗೇರ್ ವಿಷಯದಲ್ಲಿ.

ಸಂಗತಿ ಏನೆಂದರೆ, 2019ರಲ್ಲಿ ಇದೇ ಹೆಸರಿನ ಹಿಂದಿನ ಕಾರು ಬಂದಾಗ ಅದರಲ್ಲಿ ಕೈಯಲ್ಲಿ ಹಾಕುವ ಆರು ಗೇರು ಇತ್ತು. ಎಡಗಾಲಿಗೆ ಕ್ಲಚ್ ಇತ್ತು. ಬೇಡವೆಂದವರು ಆಟೊಮ್ಯಾಟಿಕ್ ತೆಗೆದುಕೊಳ್ಳಬಹುದಿತ್ತು. ಹೊಸದರಲ್ಲಿ ಆ ಆಯ್ಕೆಯೇ ಇಲ್ಲ. ಎಂಟು ಗೇರಿನ ಆಟೊಮ್ಯಾಟಿಕ್, ಅಷ್ಟೇ. ಇದಕ್ಕೆ ಜಗತ್ತಿನ ಮೂಲೆಮೂಲೆಯಲ್ಲಿ ಕಾರಿನ ಹುಚ್ಚರು ಎದೆ ಬಡಿದುಕೊಂಡರು. ಚಿಕ್ಕಮಗಳೂರಿನವರೂ ಹಿಂದೆ ಬೀಳಲಿಲ್ಲ.

ಪಾಲಿಟೆಕ್ನಿಕ್ ಹುಡುಗನ ವಾದ ಸರಳ. ಮಾಮೂಲಿ ಎಂ2ದಲ್ಲಿ ಮ್ಯಾನುಯಲ್ ಈಗಲೂ ಸಿಗುತ್ತದೆ. ಆದರೆ ಅದರಲ್ಲಿ ಎಂಜಿನ್ನಿನ ತಿರುಚುಬಲ 550 ನ್ಯೂಟನ್ ಮೀಟರ್. ಅದೇ ಕಾರಿಗೆ ಆಟೊಮ್ಯಾಟಿಕ್ ಹಾಕಿಸಿದರೆ 600. ಸಿಎಸ್‌ನಲ್ಲಿ 650. ‘ಹಗ್ಗ ತಡೆಯುವಷ್ಟೇ ಎಳೀಬೇಕಲ್ವಾ ಸಾರ್? ಮ್ಯಾನುಯಲ್ ಬೇಕು ಅಂದ್ರೆ ಎಂಜಿನ್ ಕೈ ಕಟ್ಟಬೇಕು.’

ಎದುರು ವಾದ ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸುವ ಡ್ರೈವರಣ್ಣನದು. ಇಪ್ಪತ್ತೈದು ವರ್ಷದಿಂದ ಸಕಲೇಶಪುರ ದಾಟಿ ಮಂಗಳೂರಿಗೆ ಹೋಗಿ ಬರುತ್ತಾನೆ. ಅವನಿಗೆ ಗೇರು ಎಂದರೆ ಬರೀ ವೇಗವಲ್ಲ. ಇಳಿಜಾರಿನಲ್ಲಿ ಎರಡನೇ ಗೇರಿಗೆ ಬಿಟ್ಟರೆ ಎಂಜಿನ್ನೇ ಲಾರಿಯನ್ನು ಹಿಡಿದು ನಿಲ್ಲಿಸುತ್ತದೆ. ಬರೀ ಬ್ರೇಕ್ ನಂಬಿದವನ ಡ್ರಮ್ಮು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ಲು ತುಳಿದರೆ ಹತ್ತಿ ತುಳಿದ ಹಾಗೆ. ‘ಕೈಯಲ್ಲಿ ಗೇರ್ ಇಲ್ಲದ ಗಾಡಿ ಮೂಗುದಾರ ಇಲ್ಲದ ಎತ್ತು ಮಾರಾಯ’ ಎಂದ. ಆಟೊಮ್ಯಾಟಿಕ್‌ನಲ್ಲೂ ಸ್ಟೀರಿಂಗ್ ಹಿಂದಿನ ಪುಟ್ಟ ಹಿಡಿಕೆ ಎಳೆದು ಗೇರ್ ಇಳಿಸಬಹುದು ಎಂದು ಹುಡುಗ ಹೇಳಿದ. ‘ಅದು ಕಾಲಿಂಗ್ ಬೆಲ್ಲು’ ಎಂದ ಡ್ರೈವರಣ್ಣ. ಆಗಲೇ ಮಾತು ಬಿಟ್ಟದ್ದು.

ನನಗೆ ಡ್ರೈವರಣ್ಣನ ಮಾತು ಅರ್ಥವಾಗುತ್ತದೆ. ನಾನು ಕಲಿತದ್ದು ತೋಟದ ಜೀಪಿನಲ್ಲಿ. ಅದರ ಗೇರಿನ ಗುಂಡು ಎಂದೋ ಒಡೆದುಹೋಗಿತ್ತು. ತೋಟದ ಆಚಾರಿ ಹಳೆಯ ಕಾಫಿ ಗಿಡದ ಬೊಡ್ಡೆ ಕೆತ್ತಿ ಒಂದು ಗುಂಡು ಮಾಡಿ ತಿರುಪಿದ್ದ. ಹತ್ತಾರು ಕೈ ಹಿಡಿದು ಹಿಡಿದು ಅದು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಎಂಜಿನ್ ನಡುಕವೆಲ್ಲ ಅಂಗೈಗೆ ಬರುತ್ತಿತ್ತು. ಗೇರ್ ಇಳಿಸಬೇಕಾದರೆ ಡಬಲ್ ಕ್ಲಚ್. ಒಮ್ಮೆ ತುಳಿದು ನ್ಯೂಟ್ರಲ್ಲಿಗೆ ತಂದು ಬಿಡಬೇಕು, ಸ್ವಲ್ಪ ಆಕ್ಸಿಲರೇಟರ್ ಕೊಡಬೇಕು, ಮತ್ತೆ ತುಳಿದು ಗೇರು ದೂಡಬೇಕು. ಸರಿಯಾಗಿ ಬಿದ್ದರೆ ಸದ್ದೇ ಇಲ್ಲ. ತಪ್ಪಿದರೆ ಕಣದಲ್ಲಿದ್ದ ಹೆಣ್ಣಾಳುಗಳೆಲ್ಲ ತಲೆ ಎತ್ತಿ ನಗುವಷ್ಟು ಸದ್ದು. ಈ ಸುಖ, ಈ ಮರ್ಯಾದೆ ಹೋಗುವ ಭಯ, ಎರಡೂ ಆಟೊಮ್ಯಾಟಿಕ್‌ನಲ್ಲಿ ಇಲ್ಲ. ನಿಜ.

ಆದರೂ ಗೇರಿನ ಜಗಳದಲ್ಲಿ ನಾನು ಯಾವ ಪಕ್ಷಕ್ಕೂ ಸೇರಲಿಲ್ಲ. ನನ್ನ ಕಿವಿ ನೆಟ್ಟಗಾದದ್ದು ಇನ್ನೊಂದು ಮಾತಿಗೆ. ಸಿಎಸ್ ಎಂದರೆ ಮಾಮೂಲಿ ಎಂ2ಗಿಂತ ಹಗುರ. ಚಾವಣಿ ಕಾರ್ಬನ್ ಫೈಬರ್ ಎಂಬ ಹಗುರ ವಸ್ತುವಿನದು, ಡಿಕ್ಕಿ ಬಾಗಿಲೂ ಅದರದೇ, ಸೀಟು ಬೇರೆ, ಚಕ್ರ ಬೇರೆ. ಇಷ್ಟೆಲ್ಲ ಮಾಡಿ ಎಷ್ಟು ಹಗುರ ಮಾಡಿದ್ದಾರೆ ಎಂದೆ.

ಸುಮಾರು 30 ಕಿಲೋ, ಸಾರ್.

ಒಂದು ಮೂಟೆಯೂ ಇಲ್ಲ!

ಒಟ್ಟು ತೂಕ ಎಷ್ಟು? ಸುಮಾರು 1,700 ಕಿಲೋ. ಅಂದರೆ ಮೂವತ್ತನಾಲ್ಕು ಮೂಟೆ. ಅದರಲ್ಲಿ ಒಂದು ಮೂಟೆಯ ಬಾಯಿ ಬಿಚ್ಚಿ ಅರ್ಧಕ್ಕಿಂತ ತುಸು ಜಾಸ್ತಿ ಸುರಿದಿದ್ದಾರೆ, ಅಷ್ಟೇ. ಕೈ ಗೇರಿನ ಮಾಮೂಲಿ ಎಂ2 ಅದರ ಆಟೊಮ್ಯಾಟಿಕ್ ತಮ್ಮನಿಗಿಂತ ಇಪ್ಪತ್ತು ಕಿಲೋಗೂ ಜಾಸ್ತಿ ಹಗುರವಂತೆ. ಹಾಗಾದರೆ ಕಾರ್ಬನ್ ಫೈಬರ್ ಹಾಕಿ ಉಳಿಸಿದ್ದರಲ್ಲಿ ಬಹುಪಾಲನ್ನು ಸುಮ್ನೆ ಒಂದು ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಿಯೇ ಉಳಿಸಬಹುದಿತ್ತು. ಇದನ್ನು ಹೇಳಿದಾಗ ಡ್ರೈವರಣ್ಣ ನನಗೆ ಚಹಾ ಕೊಡಿಸಿದ.

ಹಿಂದಿನ ಲೆಕ್ಕವನ್ನೂ ತೆಗೆಸಿದೆ. 2019ರ ಸಿಎಸ್ 1,550 ಕಿಲೋ ಆಸುಪಾಸು. ಮೂರು ಮೂಟೆ ಕಡಿಮೆ. ಅದಕ್ಕೂ ಮುಂಚೆ 2011ರಲ್ಲಿ ಇವೆಲ್ಲದರ ಅಣ್ಣನಂತಿದ್ದ 1 ಸೀರೀಸ್ ಎಂ ಕೂಪೆ 1,500 ಕಿಲೋಗೂ ಒಳಗೆ. ಇನ್ನೂ ಹಿಂದೆ, 1986ರ ಮೊದಲ ಎಂ3, ಬರೀ ನಾಲ್ಕು ಸಿಲಿಂಡರು, ಶಕ್ತಿ 200ರ ಹತ್ತಿರ. ತೂಕ ಸುಮಾರು 1,200 ಕಿಲೋ. ಇಪ್ಪತ್ತನಾಲ್ಕು ಮೂಟೆ. ಎಂಜಿನ್ ಬಲ ಎರಡೂವರೆ ಪಟ್ಟು ಆಗುವ ಹೊತ್ತಿಗೆ ಗಾಡಿಗೆ ಹತ್ತು ಮೂಟೆ ಹತ್ತಿಸಿದ್ದಾರೆ.

ಯಾಕೆ ಹೀಗಾಗುತ್ತದೆ? ಡಿಕ್ಕಿಯಾದರೆ ಒಳಗಿದ್ದವರು ಬದುಕಬೇಕು, ಅದಕ್ಕೆ ಉಕ್ಕು ಬೇಕು, ಏರ್‌ಬ್ಯಾಗು ಬೇಕು. ಹೊಗೆ ಶುದ್ಧ ಮಾಡುವ ಸಾಮಾನು ಬೇಕು. ಇದಕ್ಕೆ ಯಾರೂ ಬೇಡ ಎನ್ನಲಾರರು. ಇನ್ನೊಂದು ಕಾರಣ ಇದೆ. ಈಗಿನ ಎಂ2 ಹುಟ್ಟಿದ್ದು ದೊಡ್ಡಣ್ಣ ಎಂ4ನ ಸಾಮಾನಿನಿಂದಲೇ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರದಲ್ಲಿ 110 ಮಿಲಿಮೀಟರ್ ಕತ್ತರಿಸಿದ್ದಾರೆ. ಅಣ್ಣನ ಅಂಗಿಯ ತೋಳು ಮಡಚಿ ತಮ್ಮನಿಗೆ ಹಾಕಿದ ಹಾಗೆ. ಬಟ್ಟೆ ಅಷ್ಟೇ ಇರುತ್ತದೆ. ಆಮೇಲೆ, ತೂಕ ಜಾಸ್ತಿಯಾದರೆ ನಿಲ್ಲಿಸಲು ದೊಡ್ಡ ಬ್ರೇಕ್ ಬೇಕು, ಹಿಡಿಯಲು ಅಗಲದ ಟೈರ್ ಬೇಕು. ಅವುಗಳಿಗೂ ತೂಕ ಇದೆಯಲ್ಲ. ಸಾಲ ತೀರಿಸಲು ಸಾಲ.

‘ಶಕ್ತಿ ಅಷ್ಟಿರುವಾಗ ತೂಕದ ಚಿಂತೆ ಯಾರಿಗೆ ಬೇಕು ಸಾರ್?’ ಎಂದ ಹುಡುಗ.

ನೆಟ್ಟಗೆ ಹೋಗುವಾಗ ಬೇಡ. ತಿರುವಿನಲ್ಲಿ ಗೊತ್ತಾಗುತ್ತದೆ. ನಮ್ಮ ಜೀಪಿನ ಟ್ರೈಲರಿಗೆ ಆರು ಮೂಟೆ ಹಾಕುವುದು ವಾಡಿಕೆ. ಒಂದು ಸಲ ಮಳೆ ಬರುವ ಹಾಗಿತ್ತು. ಎರಡು ಟ್ರಿಪ್ ಯಾಕೆ ಅಂತ ಒಂಬತ್ತು ಹಾಕಿಸಿದೆ. ಕಣದಿಂದ ಗೋಡೌನಿಗೆ ಇಳಿಯುವ ದಾರಿಯಲ್ಲಿ ಒಂದೇ ಒಂದು ತಿರುವು. ದಿನಾ ಓಡಾಡುವ ತಿರುವು. ನಾನು ಸ್ಟೀರಿಂಗ್ ತಿರುಗಿಸಿದೆ. ಜೀಪು ತಿರುಗಿತು. ಟ್ರೈಲರು ನೆಟ್ಟಗೆ ಹೋಗೋಣ ಎಂದಿತು. ಕಾಫಿ ಗಿಡಗಳ ನಡುವೆ ಹೋಗಿ ನಿಂತಾಗ ಎರಡು ಮೂಟೆ ಒಡೆದು ಕಾಳೆಲ್ಲ ತರಗೆಲೆ ಪಾಲು. ಮೂರು ದಿನ ಹೆಕ್ಕಿಸಿದೆವು. ಮೂರೇ ಮೂಟೆ ಜಾಸ್ತಿ ಹಾಕಿದ್ದಕ್ಕೆ.

ನನ್ನ ಬೆಂಬಲಕ್ಕೆ ಬಂದವರು ರ‍್ಯಾಲಿ ನೋಡಲು ತೋಟ ತೋಟ ಸುತ್ತುವ ಒಬ್ಬರು ಮೇಷ್ಟ್ರು. ನಮ್ಮ ಜಿಲ್ಲೆಯ ಕಾಫಿ ತೋಟಗಳ ಮಣ್ಣು ದಾರಿಯಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದಿವೆ, ನೆನಪಿದೆಯಲ್ಲ? 2013, 2016, 2017ರಲ್ಲಿ ಆ ಚಾಂಪಿಯನ್ ಪಟ್ಟ ಗೆದ್ದವರು ನಮ್ಮ ದೇಶದ ಗೌರವ್ ಗಿಲ್. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 2016ರಲ್ಲೂ 2017ರಲ್ಲೂ ಅವರು ಓಡಿಸಿದ ಸ್ಕೋಡಾ ಫ್ಯಾಬಿಯಾ ಆರ್5 ಎಂಬ ವರ್ಗದ ಗಾಡಿ. ಎಂಜಿನ್ 1.6 ಲೀಟರ್, ಅಷ್ಟೇ. ನಿಯಮದ ಪ್ರಕಾರ ತೂಕ ಕನಿಷ್ಠ 1,230 ಕಿಲೋ. ಮೇಷ್ಟ್ರು ಹೇಳಿದರು, ಅದು ತಿರುವಿಗೆ ಬರುವುದನ್ನು ನೋಡಬೇಕು, ಅಳಿಲು ಮರ ಬದಲಿಸಿದ ಹಾಗೆ.

ಹುಡುಗ ಕಳೆದು ನೋಡಿದ. 470 ಕಿಲೋ ವ್ಯತ್ಯಾಸ. ಒಂಬತ್ತು ಮೂಟೆ ಚಿಲ್ಲರೆ. ನನಗೆ ಆ ಟ್ರೈಲರೇ ಕಣ್ಣಮುಂದೆ ಬಂತು. ಅಂದಹಾಗೆ ಆ ರ‍್ಯಾಲಿ ಗಾಡಿಯ ಗೇರಿನಲ್ಲೂ ನಮ್ಮ ತೋಟದ ಜೀಪಿನ ಡಬಲ್ ಕ್ಲಚ್ ಇಲ್ಲ. ಕೋಲು ಇದೆ, ಆದರೆ ಹಿಂದೆ ಎಳೆ, ಮುಂದೆ ದೂಡು, ಅಷ್ಟೇ. ಕ್ಲಚ್ ಬೇಕಾಗುವುದು ಹೊರಡುವಾಗ ಮತ್ತು ನಿಲ್ಲುವಾಗ. ಗೆಲ್ಲುವವರು ಗೇರಿನ ಬಗ್ಗೆ ಭಾವುಕರಾಗಿಲ್ಲ. ತೂಕದ ಬಗ್ಗೆ ಮಾತ್ರ ಗ್ರಾಂ ಗ್ರಾಂ ಜಿಪುಣರು.

ಇನ್ನು ಈ ಕಾರು ನಮ್ಮಲ್ಲಿಗೆ ಬಂದರೆ? ಮಾಮೂಲಿ ಎಂ2 2023ರಲ್ಲಿ ಭಾರತಕ್ಕೆ ಬಂದಾಗಲೇ 98 ಲಕ್ಷ, ಅದೂ ಎಕ್ಸ್ ಶೋರೂಂ. ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ. ದುಡ್ಡಿನ ಮಾತು ಬಿಡಿ. ಅದರ ಹಿಂದಿನ ಟೈರಿನ ಅಗಲ 285 ಮಿಲಿಮೀಟರ್, ಆದರೆ ರಿಮ್ಮಿಗೂ ನೆಲಕ್ಕೂ ನಡುವಿನ ರಬ್ಬರು ಒಂಬತ್ತು ಸೆಂಟಿಮೀಟರ್ ಕೂಡ ಇಲ್ಲ. ನಿಮ್ಮ ನಾಲ್ಕು ಬೆರಳು ಜೋಡಿಸಿ ನೋಡಿ, ಹೆಚ್ಚುಕಮ್ಮಿ ಅಷ್ಟೇ. ಮಳೆಗಾಲ ಕಳೆದ ಮೇಲೆ ನಮ್ಮ ಕಡೆಯ ಒಂದೊಂದು ಗುಂಡಿ ಅದಕ್ಕಿಂತ ಆಳ. ಕಾರಿನ ಅಗಲ ಸುಮಾರು 1.89 ಮೀಟರ್. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವಾಗ, ಮಂಜಿನೊಳಗಿಂದ ಸರ್ಕಾರಿ ಬಸ್ಸಿನ ಹಳದಿ ದೀಪ ಎದುರು ಬಂದರೆ, ಆ 530 ಕುದುರೆಗಳು ಬಸ್ಸಿಗೆ ದಾರಿ ಬಿಟ್ಟು ತಡೆಗೋಡೆ ಪಕ್ಕ ನಿಂತಿರಬೇಕು. ಮಾರುತಿ 800 ಅವುಗಳ ಹಿಂದೆ ನಿಂತು ಹಾರ್ನ್ ಹೊಡೆಯುತ್ತಿರುತ್ತದೆ.

ಹಾಗಂತ ನಾನು ಆ ಕಾರನ್ನು ಹೀಗಳೆಯುತ್ತಿಲ್ಲ. ಸಾಲಾಗಿ ನಿಂತ ಆರು ಸಿಲಿಂಡರಿನ ಎಂಜಿನ್ ಚಂದವೇ ಬೇರೆ. ಒಂದನೆಯದೂ ಆರನೆಯದೂ ಒಟ್ಟಿಗೆ ಏಳುತ್ತವೆ, ಎರಡೂ ಐದೂ ಒಟ್ಟಿಗೆ, ಮೂರೂ ನಾಲ್ಕೂ ಒಟ್ಟಿಗೆ. ಒಂದರ ಕುಲುಕಾಟವನ್ನು ಇನ್ನೊಂದು ನುಂಗಿಹಾಕುತ್ತದೆ. ಗ್ಯಾರೇಜ್ ಯಜಮಾನರು ಇದನ್ನು ಆರು ಸ್ಪಾರ್ಕ್ ಪ್ಲಗ್‌ಗಳನ್ನು ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿ, ಎರಡೆರಡನ್ನೇ ಎತ್ತಿ ಇಳಿಸಿ ತೋರಿಸಿದರು. ಜಗಳ ಆಡುತ್ತಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ನೋಡಿದರು. ಕರೆಂಟು ಹೋಗಿತ್ತು, ಮೊಬೈಲ್ ಬೆಳಕಿನಲ್ಲಿ ನೋಡಿದರು.

ಅವತ್ತೇ ಕೊನೆಗೆ ಹುಡುಗ ನನ್ನನ್ನು ಕೇಳಿದ. ನಾನು ಅದೇ ಹಳೇ ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದೆ.

‘ರೈಟರ್ ಸಾರ್, ನಿಮ್ಮ ತೂಕ ಎಷ್ಟು?’

‘ಎಪ್ಪತ್ತೆಂಟು.’

‘ನೀವು ಇಳಿದುಬಿಟ್ರೆ ಸಾಕು ಸಾರ್. ಕಂಪನಿಯವರು ಇಳಿಸಿದ್ದಕ್ಕಿಂತ ಎರಡೂವರೆ ಪಟ್ಟು ಇಳಿಯುತ್ತೆ. ಕಾರ್ಬನ್ ಫೈಬರ್ ಖರ್ಚೂ ಇಲ್ಲ.’

ಎಲ್ಲರೂ ನಕ್ಕರು. ಡ್ರೈವರಣ್ಣನೂ ನಕ್ಕ. ಹುಡುಗನ ಬೆನ್ನಿಗೆ ಒಂದು ಗುದ್ದಿದ. ನಾನು ಜೀಪಿನಿಂದ ಇಳಿದೆ. ಅದರ ಸ್ಪ್ರಿಂಗು ಕಿರ್ ಎಂದು ಎರಡು ಬೆರಳಷ್ಟು ಮೇಲೆದ್ದಿತು.

ನಮಸ್ಕಾರ.